ಕಡ್ಡಿಯ ಬುಡ ಕಪ್ಪಾಗುವುದಕ್ಕೆ ಕಾರಣ ನೀರು

ತೀರ್ಥಹಳ್ಳಿಯ ಮಳೆಗಾಲದಲ್ಲಿ, ಮನೆಯೊಳಗೆ ರಾಕ್‌ವೂಲಿನಲ್ಲಿ (ಮಣ್ಣಿನ ಬದಲು ಬಳಸುವ, ಕಲ್ಲಿನ ಎಳೆಗಳ ತುಂಡು) ನೆಟ್ಟ ಕಾಮಕಸ್ತೂರಿ ಕಡ್ಡಿಗಳ ಬುಡ ಐದೇ ದಿನಕ್ಕೆ ಕಪ್ಪಾಗುತ್ತಿದೆ, ಟ್ರೇಯಲ್ಲಿ ಸದಾ ನೀರು ಇಟ್ಟಿದ್ದೇನೆ ಅಂದಿದ್ದೀರಿ. ಔಷಧ ಹುಡುಕಬೇಡಿ, ಮೊದಲು ಆ ನೀರು ಚೆಲ್ಲಿ. ನೀರು ನಿಂತರೆ ಬುಡಕ್ಕೆ ಗಾಳಿಯಾಡುವುದಿಲ್ಲ, ಕೊಳೆಯುತ್ತದೆ.

ರಾಕ್‌ವೂಲಿಗೆ ಕ್ಷಾರಗುಣ ಇದೆ, ಅದಕ್ಕೇ ತುಸು ಆಮ್ಲೀಯವಾದ, ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರ ನೀರಲ್ಲಿ ಒಂದು ಗಂಟೆ ನೆನೆಸಿ, ಮೆಲ್ಲಗೆ ಕೊಡವಿ. ಹಿಂಡಲೇಬೇಡಿ, ಎಳೆಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಹೂ ಬಿಡದ 10 ಸೆಂ.ಮೀ. ಕುಡಿಯನ್ನು ಗೆಣ್ಣಿನ ಕೆಳಗೇ ಹೊಸ ಬ್ಲೇಡಿನಿಂದ ಕತ್ತರಿಸಿ, ಕೆಳಗಿನ ಎಲೆ ತೆಗೆದು ನೆಡಿ. ಬಸಿದ ರಾಕ್‌ವೂಲ್ ತುಂಡನ್ನು ಅಂಗೈಯಲ್ಲಿಟ್ಟು ತೂಕ ಗಮನಿಸಿಕೊಳ್ಳಿ. ಅದು ಅರ್ಧ ಹಗುರಾದಾಗ ಮಾತ್ರ ನೀರು. ನಮ್ಮ ಆಷಾಢದ ಥಂಡಿಯಲ್ಲಿ ಟ್ರೇಯ ಮೇಲೆ ಮುಚ್ಚಳ ಮೂರು ದಿನ ಸಾಕು, ಆಮೇಲೆ ಓರೆ ಮಾಡಿ. ತಳದಲ್ಲಿ ಬಿಳಿ ಬೇರು ಇಣುಕಿದ ಮೇಲೆಯೇ ಗೊಬ್ಬರದ ನೀರು, ಇಸಿ (ನೀರಲ್ಲಿ ಕರಗಿದ ಲವಣದ ಅಳತೆ, mS/cm) 0.6ರಿಂದ ಶುರು.