ಚಿತ್ರಕಥೆ ‘ಎಲ್ಲೋ ನೋಡಿದಂತಿದೆ’ ಎನ್ನಿಸುವುದೇಕೆ?
ಗಾರೆ ಕೆಲಸದವನೊಬ್ಬ ಸೇಡು ತೀರಿಸಿಕೊಳ್ಳುವ ನಿಮ್ಮ ಚಿತ್ರಕಥೆಯನ್ನು ಓದಿದವರೆಲ್ಲ ‘ಎಲ್ಲೋ ನೋಡಿದಂತಿದೆ’ ಎನ್ನುವುದಕ್ಕೆ ಕಾರಣ ಬಹುಶಃ ಕಥಾವಸ್ತುವಲ್ಲ, ದೃಶ್ಯಗಳು. ಸೇಡಿನ ಕಥೆ ಯಾರ ಸ್ವತ್ತೂ ಅಲ್ಲ; ಹಕ್ಕುಸ್ವಾಮ್ಯವಿರುವುದು ವಸ್ತುವಿಗಲ್ಲ, ಅದನ್ನು ನಿರೂಪಿಸಿದ ಬಗೆಗೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ, ತನ್ನ ನಾಟಕವನ್ನು ಸಿನಿಮಾ ನಕಲು ಮಾಡಿದೆ ಎಂದು ನಾಟಕಕಾರ ಆರ್.ಜಿ. ಆನಂದ್ ಹೂಡಿದ್ದ ಪ್ರಕರಣದಲ್ಲಿ ಹೇಳಿದೆ. ಮೊದಲು ಪ್ರತಿ ದೃಶ್ಯದ ಪಕ್ಕದಲ್ಲಿ, ಅದು ಬದುಕಿನಿಂದ ಬಂದದ್ದೋ ಸಿನಿಮಾದಿಂದ ಬಂದದ್ದೋ ಎಂದು ಪ್ರಾಮಾಣಿಕವಾಗಿ ಗುರುತು ಹಾಕಿಕೊಳ್ಳಿ. ನಂತರ ನಾಯಕನ ಪ್ರವೇಶವನ್ನು ತಿದ್ದಿ: ಗಾರೆ ಕೆಲಸದ ನಿಮ್ಮ ನಾಯಕ ಧೂಳೆಬ್ಬಿಸುವ ಜೀಪಿನಿಂದ ಇಳಿಯುವ ಬದಲು, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದಿಕೆಯಾಗದೆ, ಸಿಮೆಂಟಿಗೆ ಸವೆದ ಬೆರಳನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಮತ್ತೆ ಯಂತ್ರದ ಮೇಲೆ ಒತ್ತುತ್ತಿರಲಿ. ನಾನು ಹೀಗೆ ತಿದ್ದಿದಾಗ ಮಧ್ಯಂತರದ ಹೊಡೆದಾಟವೇ ಅನಗತ್ಯವಾಯಿತು (ಅದನ್ನು ಕೈಬಿಡಲು ಮಾತ್ರ ಸಂಕಟವಾಯಿತು). ನಿಮ್ಮಲ್ಲಿಯೂ ಹಾಗೆಯೇ ಆಗುತ್ತದೆಂದು ಖಚಿತವಾಗಿ ಹೇಳಲಾರೆ. ತಿದ್ದಿದ ಪ್ರತಿಯನ್ನು ಹಳೆಯ ಓದುಗರಿಗೆ ಕೊಡದೆ, ಹೊಸಬರಿಬ್ಬರಿಗೆ ಕೊಟ್ಟು ನೋಡಿ.