ಮರೆವು, ಖಿನ್ನತೆ ಎರಡೂ ಇರುವ ಅಮ್ಮನಿಗೆ ನಾಯಿಮರಿ ತರಬಹುದೇ?

ಪುಣೆಯಲ್ಲಿ ನಿಮ್ಮ ಜೊತೆಗಿರುವ 76 ವರ್ಷದ ತಾಯಿಗೆ ಮರೆವು, ಖಿನ್ನತೆ ಎರಡೂ ಇವೆ, ನಾಯಿಮರಿ ತಂದುಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಮರಿ ತರಬೇಡಿ. ಅದು ಕಚ್ಚುತ್ತದೆ, ಕಾಲಿಗೆ ಅಡ್ಡ ಬರುತ್ತದೆ, ಅದರ ಚಾಕರಿಯೂ ನಿಮ್ಮ ತಲೆಗೇ ಬರುತ್ತದೆ. ತರಬೇತಿ ಪಡೆದ ನಾಯಿಯನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಕರೆಸಿ ನೋಡಿ.

ನಮ್ಮವ್ವ ಧಾರವಾಡದವಳು. ಅಪ್ಪ ತೀರಿಕೊಂಡ ಮೇಲೆ ಪುಣೆಯ ಕೋಥರೂಡಿನ ನಮ್ಮ ಮನೆಗೆ ಬಂದಳು. ಮರೆವು ಶುರುವಾದಾಗ ಮೊದಲು ಹೋದದ್ದು ಆಕೆ ಕಲಿತಿದ್ದ ಅಷ್ಟಿಷ್ಟು ಮರಾಠಿ. ನೋಡಿಕೊಳ್ಳುವ ಮಾವಶಿಯ ಮಾತು ತಿಳಿಯದೆ ದಿನವಿಡೀ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಡಾಕ್ಟರ ಸಲಹೆಯಂತೆ ಒಬ್ಬ ಥೆರಪಿಸ್ಟ್ ಲ್ಯಾಬ್ರಡಾರ್ ಕರೆತರತೊಡಗಿದರು. ಎರಡು ವಾರ ಅವ್ವ ತಿರುಗಿಯೂ ನೋಡಲಿಲ್ಲ. ಮೂರನೇ ವಾರ ನಾಯಿ ಬಂದು ಹಾಸಿಗೆಯ ಅಂಚಿಗೆ ಗದ್ದ ಊರಿತು. ಅವ್ವ ಅದರ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ಸವರಿದಳು. "ನಮ್ಮ ಗೌರಿ ಕರದ ಕಿವೀನೂ ಹಿಂಗ ಮೆತ್ತಗ ಇತ್ತು," ಅಂದಳು. ಆಮೇಲೆ ನಾಯಿಗೆ, "ಉಂಡ್ಯೇನೋ?"

ನಾಯಿಗೆ ಮರಾಠಿ ಬೇಕಿರಲಿಲ್ಲ. "ನಾನ್ಯಾರು ಹೇಳು ನೋಡೋಣ" ಅಂತ ನಾವೆಲ್ಲ ದಿನಾ ಮಾಡುತ್ತಿದ್ದ ಪರೀಕ್ಷೆಯನ್ನೂ ಅದು ಮಾಡಲಿಲ್ಲ. ಅವತ್ತಿನಿಂದ ನಾವೂ ಆ ಪ್ರಶ್ನೆ ಬಿಟ್ಟೆವು.

ಅವ್ವನ ಮರೆವು ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ 1960ರ ದಶಕದಲ್ಲೇ ಮಕ್ಕಳ ಚಿಕಿತ್ಸೆಯಲ್ಲಿ ತಮ್ಮ ನಾಯಿಯ ನೆರವು ಪಡೆದ ಬಗ್ಗೆ ಬರೆದಿದ್ದರು. ಆದರೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರ ಮೇಲೆ ನಡೆದ, ಪ್ರಾಣಿಗಳ ನೆರವಿನ ಚಿಕಿತ್ಸೆಯ 9 ಪ್ರಯೋಗಗಳನ್ನು, ಒಟ್ಟು 305 ಜನರನ್ನು, ಒಟ್ಟಿಗೆ ನೋಡಿದ 2019ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) ಪರಿಶೀಲನೆ ಖಿನ್ನತೆ ತುಸು ಇಳಿಯಬಹುದು ಎಂದಷ್ಟೇ ಹೇಳಿತು, ಆಧಾರವೂ ಗಟ್ಟಿಯಿಲ್ಲ. ಹಾಗಾಗಿ ಮಾತ್ರೆ ನಿಲ್ಲಿಸಬೇಡಿ. ಖಿನ್ನತೆಯೇ ಎಷ್ಟೋ ಸಲ ಮರೆವಿನ ಹಾಗೆ ಕಾಣುತ್ತದೆ, ಮನೋವೈದ್ಯರಿಗೆ ಮೊದಲು ತೋರಿಸಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416, ಫೋನ್ ಮಾಡಿ.

ನಾಯಿಗೆ ರೇಬಿಸ್ ಲಸಿಕೆ ಆಗಿದೆಯೇ ಎಂದು ಕಾಗದ ನೋಡಿಯೇ ಒಳಗೆ ಬಿಡಿ. ವಯಸ್ಸಾದವರ ಚರ್ಮ ತೆಳು, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಉಗುರು ತಾಗಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಹಗ್ಗ ಕಾಲಿಗೆ ಸುತ್ತದಂತೆ ನೋಡಿಕೊಳ್ಳಿ.

ಕರೆಸುವ ಮುಂಚೆ ನಿಮ್ಮ ಸೋದರಮಾವನೋ ಚಿಕ್ಕಮ್ಮನೋ ಇದ್ದರೆ ಒಮ್ಮೆ ಕೇಳಿ: ಅಮ್ಮ ಚಿಕ್ಕವರಿದ್ದಾಗ ಮನೆಯಲ್ಲಿ ಏನು ಸಾಕಿದ್ದರು, ನಾಯಿ ಯಾವತ್ತಾದರೂ ಕಚ್ಚಿತ್ತೇ? ಕಚ್ಚಿದ್ದರೆ ಒತ್ತಾಯ ಬೇಡ.