ಓದುಗರ ಪ್ರಶ್ನೆ: ಊರಿನ ದೈವ, ಅಂಗೈಯ ಲಿಂಗ, ದಿಂಡಿಯ ದಾರಿ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೂವರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು: ಮನೆಯವರ ನಂಬಿಕೆ ಒಂದು, ತಾನು ಅಥವಾ ಮಗ ಹಿಡಿದ ದಾರಿ ಇನ್ನೊಂದು ಆದಾಗ ಏನು ಮಾಡಬೇಕು? ಹೆಸರು ಹಾಕಬಾರದೆಂದು ಅವರು ಕೋರಿರುವುದರಿಂದ ಊರಿನ ಹೆಸರನ್ನು ಮಾತ್ರ ಉಳಿಸಿಕೊಂಡು, ಪತ್ರಗಳನ್ನು ತುಸು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಕುಟುಂಬ. ಅಪ್ಪ ಹದಿಹರೆಯದಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿದು, ಮುಂದೆ ಸ್ವಂತ ಕ್ಯಾಂಟೀನ್ ನಡೆಸಿದರು. ನಾನು ಹುಟ್ಟಿ ಬೆಳೆದದ್ದು ಇಲ್ಲಿಯೇ, ವಯಸ್ಸು 34. ಎರಡು ವರ್ಷಗಳ ಹಿಂದೆ ಇಗತ್‌ಪುರಿಯಲ್ಲಿ ಹತ್ತು ದಿನಗಳ ವಿಪಶ್ಯನ ಶಿಬಿರದಲ್ಲಿ ಕುಳಿತು ಬಂದೆ. ಅಂದಿನಿಂದ ಬೆಳಿಗ್ಗೆ ಒಂದು ಗಂಟೆ ಧ್ಯಾನ ತಪ್ಪಿಲ್ಲ. ದೇವರಿಗೆ ದೀಪ ಹಚ್ಚುವುದನ್ನೂ ಸ್ತೋತ್ರ ಹೇಳುವುದನ್ನೂ ಬಿಟ್ಟಿದ್ದೇನೆ. ಬರುವ ಫೆಬ್ರವರಿಯಲ್ಲಿ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವದ ನೇಮೋತ್ಸವವಿದೆ. ನಂಬಿಕೆಯಿಲ್ಲದೆ ದೈವದ ಮುಂದೆ ಕೈಮುಗಿದು ನಿಂತರೆ ಅದು ಸುಳ್ಳಾಗುತ್ತದೆಂದು ನನಗೆ ತೋರುತ್ತದೆ. ಬರದಿದ್ದರೆ ದೈವ ಮುನಿಯುತ್ತದೆಂದು ಅಮ್ಮ ಕಣ್ಣೀರು ಹಾಕುತ್ತಾರೆ. ನನ್ನ ದಾರಿ ಬೇರೆಯೆಂದು ತಿಳಿದ ಮೇಲೂ ನಾನು ನಟಿಸಬೇಕೇ? (ಡೊಂಬಿವಲಿ)

ಉತ್ತರ: ನೀವು ದೀಪ ಹಚ್ಚುವುದನ್ನು ಬಿಟ್ಟದ್ದು ಏಕೆ ಎಂಬುದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಅದಕ್ಕೆ ಕಾರಣವೇ ಇಲ್ಲ. ಶಿಬಿರದ ನಿಯಮ ನಿಮಗೆ ನೆನಪಿರಬಹುದು. ಆ ಹತ್ತು ದಿನಗಳಲ್ಲಿ ಪೂಜೆ, ಜಪ, ಧೂಪ, ದೀಪ, ಉಪವಾಸ ಯಾವುದೂ ಕೂಡದು. ಆದರೆ ಅವುಗಳನ್ನು ಹೀಗಳೆಯುವುದು ಆ ನಿಯಮದ ಉದ್ದೇಶವಲ್ಲ, ಹೊಸ ಅಭ್ಯಾಸವನ್ನು ಬೇರೆ ಯಾವುದರೊಂದಿಗೂ ಬೆರೆಸದೆ ಪರೀಕ್ಷಿಸಿ ನೋಡಲು ಅವಕಾಶ ಸಿಗಲಿ ಎಂಬುದಷ್ಟೇ ಉದ್ದೇಶ ಎಂದು ಶಿಬಿರದವರೇ ಸ್ಪಷ್ಟವಾಗಿ ಹೇಳುತ್ತಾರೆ. ಹತ್ತು ದಿನಗಳ ಮಟ್ಟಿಗಿನ ಈ ಕಟ್ಟುಪಾಡನ್ನು ನೀವು ಎರಡು ವರ್ಷಗಳವರೆಗೆ ಎಳೆದಿದ್ದೀರಿ. ನಿಮಗೆ ದೀಪವೇ ಬೇಡವೆನಿಸಿ ಬಿಟ್ಟಿದ್ದರೆ ಅದು ನಿಮ್ಮ ನಿರ್ಧಾರ. ಹೊಸ ದಾರಿ ಹಿಡಿದವರು ಹಳೆಯದನ್ನು ಬಿಡಲೇಬೇಕೆಂದು ತಿಳಿದು ಬಿಟ್ಟಿದ್ದರೆ ಹಾಗೆಂದು ನಿಮಗೆ ಯಾರೂ ಹೇಳಿರಲಿಲ್ಲ.

ಆ ಪದ್ಧತಿಯನ್ನು ಭಾರತಕ್ಕೆ ಮರಳಿ ತಂದ ಸತ್ಯನಾರಾಯಣ ಗೋಯಂಕಾ ಅವರಿಗೂ ಇದೇ ಭಯವಿತ್ತು. ಬರ್ಮಾದ ಮಾಂಡಲೆಯಲ್ಲಿ ಸಂಪ್ರದಾಯಸ್ಥ ಮಾರವಾಡಿ ಹಿಂದೂ ಮನೆಯಲ್ಲಿ 1924ರಲ್ಲಿ ಹುಟ್ಟಿದ ಅವರು ವಿಪರೀತ ತಲೆನೋವಿನಿಂದ ಬಳಲಿ, ಅಲ್ಲಿನ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದ ಊ ಬಾ ಖಿನ್ ಅವರ ಬಳಿಗೆ ಹೋಗುವ ಮುನ್ನ, ಇದು ಬೌದ್ಧರ ದಾರಿಯಲ್ಲವೇ, ನನ್ನ ಧರ್ಮ ಕೆಟ್ಟೀತೇ ಎಂದು ಬಹಳ ಹಿಂಜರಿದಿದ್ದರು. 1969ರ ಜುಲೈಯಲ್ಲಿ ಭಾರತದಲ್ಲಿ ಅವರು ನಡೆಸಿದ ಮೊದಲ ಶಿಬಿರ ನಮ್ಮ ಮುಂಬಯಿಯಲ್ಲಿಯೇ ಆಯಿತು. ಅದನ್ನು ಏರ್ಪಡಿಸಿದ್ದು ಮುಖ್ಯವಾಗಿ ಅವರ ತಂದೆತಾಯಿಗಾಗಿ. ನೀವೂ ಅಮ್ಮನನ್ನು ಇಗತ್‌ಪುರಿಗೆ ಕರೆದೊಯ್ಯಿರಿ ಎಂದು ಇದರ ಅರ್ಥವಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಹೊಸ ದಾರಿ ಹಿಡಿದವರೆಲ್ಲ ಮನೆಯವರಿಗೆ ಬೆನ್ನು ಹಾಕಿ ಹೋದವರಲ್ಲ ಎಂಬುದಷ್ಟೇ ನನ್ನ ಮಾತು.

ಇನ್ನು ನೇಮದ ವಿಷಯ. ದೈವಾರಾಧನೆಯನ್ನು ನೀವು ಒಂದು ಸಿದ್ಧಾಂತದಂತೆ, ಒಪ್ಪಬೇಕಾದ ಅಥವಾ ನಿರಾಕರಿಸಬೇಕಾದ ಒಂದು ಹೇಳಿಕೆಯಂತೆ ಕಾಣುತ್ತಿದ್ದೀರಿ. ತುಳುನಾಡಿನಲ್ಲಿ ಅದು ಎಂದೂ ಹಾಗಿರಲಿಲ್ಲ. ದೈವದ ಕಥೆ ಹೇಳುವ ಪಾಡ್ದನದ ಹಾಡು ಕೇಳುವಾಗಲಾಗಲಿ, ಗಂಧಪ್ರಸಾದ ತೆಗೆದುಕೊಳ್ಳುವಾಗಲಾಗಲಿ ನಿಮ್ಮ ನಂಬಿಕೆ ಎಷ್ಟು ಗಟ್ಟಿಯೆಂದು ಯಾರೂ ತೂಗಿ ನೋಡುವುದಿಲ್ಲ. ದೈವ ನುಡಿಯಲ್ಲಿ ವಿಚಾರಿಸುವುದು ಬೇರೆ: ಸಂಸಾರ ಒಟ್ಟಾಗಿದೆಯೇ, ಅಣ್ಣತಮ್ಮಂದಿರ ಜಗಳ ತೀರಿತೇ, ದೂರದ ಊರಿಗೆ ಹೋದವರು ಬಂದಿದ್ದಾರೆಯೇ. ಅಂಗಳದಲ್ಲಿ ನಿಲ್ಲುವವರಲ್ಲಿ ಎಲ್ಲರೂ ಒಂದೇ ಬಗೆಯಲ್ಲಿ ನಂಬುವವರಲ್ಲ. ವರ್ಷವಿಡೀ ದೈವವನ್ನು ನೆನೆಯದ ಮಾವಂದಿರೂ ಆ ರಾತ್ರಿ ಶಾಲು ಹೊದ್ದು ಬೆಳಗಿನವರೆಗೆ ಕೂರುತ್ತಾರೆ. ನಿಮ್ಮ ಅಮ್ಮನ ಅಳುವಿನಲ್ಲಿ ದೈವದ ಭಯ ಎಷ್ಟಿದೆ, ಊರಿನ ಎಳೆ ಕಡಿದುಹೋಗುತ್ತದೆಂಬ ಭಯ ಎಷ್ಟಿದೆ ಎಂದು ಒಮ್ಮೆ ಯೋಚಿಸಿ. ಕೊಂಕಣ ರೈಲ್ವೆ ಪೂರ್ತಿಯಾಗುವ ಮೊದಲು ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತು ನೇಮಕ್ಕೆ ಹೋಗಿ ಬಂದ ತಲೆಮಾರು ಅವರದು. ಗದ್ದೆ ಹೋಯಿತು, ಮಕ್ಕಳ ಬಾಯಿಂದ ತುಳುವೂ ಜಾರುತ್ತಿದೆ. ಉಳಿದಿರುವುದು ವರ್ಷಕ್ಕೊಂದು ರಾತ್ರಿ.

ಮುಂಬಯಿಯ ಖೇತವಾಡಿಯಲ್ಲಿದ್ದ ಅದ್ವೈತ ಗುರು ನಿಸರ್ಗದತ್ತ ಮಹಾರಾಜರ ಬದುಕು ಇಲ್ಲಿ ನೆನಪಾಗುತ್ತದೆ. ಬೀಡಿ ಅಂಗಡಿ ಇಟ್ಟುಕೊಂಡಿದ್ದ ಅವರು ಗುರು ತೀರಿಕೊಂಡ ಮರುವರ್ಷ, 1937ರಲ್ಲಿ, ಎಲ್ಲವನ್ನೂ ತೊರೆದು ಮುಂಬಯಿ ಬಿಟ್ಟು ನಡೆದರು. ಮಾರನೆಯ ವರ್ಷ ಅದೇ ಓಣಿಗೆ, ಅದೇ ಸಂಸಾರಕ್ಕೆ ಮರಳಿದರು. ಮುಂದೆ ಅವರ ಮಾಳಿಗೆಗೆ ಹತ್ತಿ ಬಂದ ದೇಶವಿದೇಶಗಳ ಜನರಿಗೆ ಅವರು ಹೇಳುತ್ತಿದ್ದದ್ದು ದೇವರ ಕಲ್ಪನೆಯನ್ನೂ ದಾಟಿ ನೋಡಿ ಎಂಬ ಕಟು ಅದ್ವೈತದ ಮಾತು. ಹಾಗೆ ಹೇಳುತ್ತಲೇ ದಿನಕ್ಕೆ ಹಲವು ಹೊತ್ತಿನ ಭಜನೆಯನ್ನು ಮಾತ್ರ ಅವರು ಕೊನೆಯವರೆಗೂ ನಡೆಸಿಕೊಂಡು ಬಂದರು, ಏಕೆಂದರೆ ಹಾಗೆ ನಡೆಸಬೇಕೆಂದು ಗುರು ಹೇಳಿದ್ದರು. ಅದನ್ನು ನಟನೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಸುಳ್ಳು ಎಲ್ಲಿಂದ ಶುರುವಾಗುತ್ತದೆ? ನನ್ನ ಅಭಿಪ್ರಾಯದಲ್ಲಿ, ಮಾತು ಕೊಡುವಲ್ಲಿಂದ. ನೇಮಕ್ಕೆ ಹೋಗಿ, ಅಡುಗೆಮನೆಯಲ್ಲಿ ಕೈಜೋಡಿಸಿ, ನಿಮ್ಮವರ ಜೊತೆಗೆ ನಿಲ್ಲಿ. ಕೈ ತಾನಾಗಿ ಮುಗಿದರೆ ಮುಗಿಯಲಿ. ಆದರೆ ನಂಬಿಕೆಯಿಲ್ಲದೆ ಹರಕೆ ಹೊರಬೇಡಿ, ನಿಮ್ಮ ಹೆಸರಿನಲ್ಲಿ ಇನ್ನೊಬ್ಬರು ಹೊರಲು ಬಿಡಬೇಡಿ. ಹೊರಡುವ ಮುನ್ನ ಅಮ್ಮನಿಗೆ ಇದಿಷ್ಟನ್ನೂ ಹೇಳಿಬಿಡಿ, ರೈಲಿನಲ್ಲಿ ಬೇಡ, ಮನೆಯಲ್ಲಿಯೇ. ದೈವ ಮುನಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಅಂಕಣಕಾರನಿಗಿಲ್ಲ.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು, ಲಿಂಗಾಯತ, ಇಪ್ಪತ್ತು ವರ್ಷಗಳಿಂದ ಪಿಂಪರಿಯಲ್ಲಿ ಕೆಲಸದಲ್ಲಿದ್ದೇನೆ. ದಿನವೂ ಇಷ್ಟಲಿಂಗ ಪೂಜೆ ಮಾಡುತ್ತೇನೆ. ಕಾರ್ಖಾನೆಯ ಗೆಳೆಯರ ಜೊತೆ ಮೂರು ವರ್ಷಗಳಿಂದ ಆಳಂದಿಯಿಂದ ಹೊರಡುವ ಸಂತ ಜ್ಞಾನೇಶ್ವರರ ಪಲ್ಲಕ್ಕಿಯೊಂದಿಗೆ (ಪಾಲಖಿ) ಪಂಢರಪುರಕ್ಕೆ ನಡೆಯುತ್ತಿದ್ದೇನೆ. ಆ ನಡಿಗೆಯಲ್ಲಿ ಸಿಗುವ ಸಮಾಧಾನ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ. ಈ ವರ್ಷ ತುಳಸಿ ಮಾಲೆ ಹಾಕಿಸಿಕೊಳ್ಳುವಂತೆ ದಿಂಡಿಯವರು, ಅಂದರೆ ಜೊತೆಯಾಗಿ ನಡೆಯುವ ತಂಡದವರು, ಹೇಳುತ್ತಿದ್ದಾರೆ. ಕೊರಳಲ್ಲಿ ಲಿಂಗವಿರುವವನಿಗೆ ಮಾಲೆ ಏತಕ್ಕೆ ಎಂದು ಕಾಕಾ ಸಿಟ್ಟಾಗಿದ್ದಾರೆ. ದೇವನೊಬ್ಬ ನಾಮ ಹಲವು ಎಂದು ಬಸವಣ್ಣನವರೇ ಹೇಳಿಲ್ಲವೇ? (ಪುಣೆ)

ಉತ್ತರ: ಹೇಳಿದ್ದಾರೆ. ಆದರೆ ಆ ವಚನವನ್ನು ಅಲ್ಲಿಗೇ ನಿಲ್ಲಿಸುವುದು ನಮ್ಮ ಕಾಲದ ಚಾಳಿ. ಅದರ ಬೆನ್ನಿಗೇ ಇರುವ ಮಾತು 'ಪರಮ ಪತಿವ್ರತೆಗೆ ಗಂಡನೊಬ್ಬ'. ಮುಂದಿನ ಸಾಲುಗಳಲ್ಲಿ ಇನ್ನೊಂದಕ್ಕೆರಗುವವರಿಗೆ ಸಿಗುವ ಶಿಕ್ಷೆಯೂ, ಹಲವು ದೈವಗಳ ಎಂಜಲುಣ್ಣುವವರ ಬಗ್ಗೆ ಬಸವಣ್ಣನವರಿಗಿದ್ದ ತಿರಸ್ಕಾರವೂ ಇವೆ. ಆ ವಚನ ನಿಮ್ಮ ಕಡೆಗಲ್ಲ, ನಿಮ್ಮ ಕಾಕಾನ ಕಡೆಗಿದೆ. ಅವರ ಸಿಟ್ಟನ್ನು ಹಟವೆಂದು ತಳ್ಳಿಹಾಕಬೇಡಿ. ಏಕದೇವನಿಷ್ಠೆ ಎಂಬುದು ಶರಣರು ಬೆಲೆ ತೆತ್ತು ಗಳಿಸಿದ ಮಾತು.

ಪಂಢರಪುರಕ್ಕೆ ನಡೆಯುವ ವಿಠಲಭಕ್ತರಾದ ವಾರಕರಿಗಳ ಕಡೆಯಿಂದ ನೋಡಿದರೆ ಬಾಗಿಲು ಅಗಲವಾಗಿದೆ. ಜ್ಞಾನೇಶ್ವರರು ವಿಠಲನನ್ನು ಕಾನಡಾ ಎಂದೂ ಕರ್ನಾಟಕು ಎಂದೂ ಕರೆದದ್ದು ನಮ್ಮವರಿಗೆಲ್ಲ ಬಾಯಿಪಾಠ. ಅದಕ್ಕಿಂತ ನಿಮಗೆ ಹತ್ತಿರದ ಸಂಗತಿಯೆಂದರೆ, ಅವರ ಗುರುವೂ ಅಣ್ಣನೂ ಆದ ನಿವೃತ್ತಿನಾಥರದು ಶೈವ ಮೂಲದ ನಾಥ ಪರಂಪರೆ, ಮತ್ತು ಆಳಂದಿಯ ಸಮಾಧಿಯ ಪಕ್ಕದಲ್ಲೇ ಸಿದ್ಧೇಶ್ವರನ ಲಿಂಗವಿದೆ. ನರಹರಿ ಸೋನಾರನ ಕಥೆಯನ್ನು ದಿಂಡಿಯಲ್ಲಿ ನೀವು ಕೇಳಿಯೇ ಇರುತ್ತೀರಿ. ವಿಠಲನ ಮುಖವನ್ನೂ ನೋಡಲೊಲ್ಲದ ಆ ಶಿವಭಕ್ತ ಅಕ್ಕಸಾಲಿಗ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೊಂಟಪಟ್ಟಿಯ ಅಳತೆ ತೆಗೆಯಲು ಹೋದಾಗ ಕೈಗೆ ಶಿವನೇ ಸಿಗುತ್ತಾನೆ, ಬಟ್ಟೆ ಬಿಚ್ಚಿದರೆ ವಿಠಲ ನಿಂತಿರುತ್ತಾನೆ. ಚಂದದ ಕಥೆ. ಆದರೆ ಅದನ್ನು ಹೇಳಿಕೊಂಡು ಬಂದವರು ವಿಠಲನ ಪಕ್ಷದವರು, ಹಾಗಾಗಿ ಕೊನೆಗೆ ಸೋಲುವವನು ನರಹರಿ! ನಿಮ್ಮ ಕಾಕಾ ಅದನ್ನು ಹೇಳಿದ್ದರೆ ಬಟ್ಟೆ ಬಿಚ್ಚಿದಾಗ ಲಿಂಗವೇ ಕಾಣಿಸುತ್ತಿತ್ತು.

ಕಥೆಗಿಂತ ನಿಮ್ಮದೇ ಜಿಲ್ಲೆಯ ಇಂಚಗೇರಿ ಮಠದ ಇತಿಹಾಸ ಹೆಚ್ಚು ಉಪಯೋಗಕ್ಕೆ ಬಂದೀತು. ಲಿಂಗಾಯತ ಮನೆತನದಲ್ಲಿ ಹುಟ್ಟಿದ ನಿಂಬರ್ಗಿ ಮಹಾರಾಜರಿಂದ ಆ ಪರಂಪರೆ ಬ್ರಾಹ್ಮಣರಾದ ಭಾವುಸಾಹೇಬ ಮಹಾರಾಜರಿಗೆ ಬಂತು. 1914ರಲ್ಲಿ ಅವರು ತೀರಿಕೊಂಡ ಮೇಲೆ ಇಬ್ಬರು ಶಿಷ್ಯರು ಎರಡು ಬಗೆಯಲ್ಲಿ ನಡೆದರು. ಜಮಖಂಡಿಯಲ್ಲಿ ಹುಟ್ಟಿ, ನಿಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ಗುರುದೇವ ರಾನಡೆಯವರು ಗುರು ಹೇಳಿಕೊಟ್ಟ ನಾಮಧ್ಯಾನವನ್ನೇ ಬದುಕಿನುದ್ದಕ್ಕೂ ಹಿಡಿದರು. ಸಿದ್ಧರಾಮೇಶ್ವರ ಮಹಾರಾಜರು, ಅಂದರೆ ಮೇಲೆ ಹೇಳಿದ ಖೇತವಾಡಿಯ ನಿಸರ್ಗದತ್ತರ ಗುರುಗಳು, ಧ್ಯಾನದ ಆ ನಿಧಾನದ ದಾರಿಯನ್ನು ಇರುವೆ ಮರ ಹತ್ತುವ ಪಿಪೀಲಿಕಾ ಮಾರ್ಗವೆಂದು ಕರೆದು, ವಿಚಾರದ ಬಲದಿಂದ ಹಕ್ಕಿಯಂತೆ ನೇರವಾಗಿ ಹಣ್ಣಿಗೆ ಹಾರುವ ವಿಹಂಗಮ ಮಾರ್ಗವನ್ನು ಬೋಧಿಸಿದರು. ಇದು ನಮ್ಮ ಗುರುವಿನ ಮಾತಲ್ಲವೆಂದು ಗುರುಬಂಧುಗಳಿಂದಲೇ ಆಕ್ಷೇಪ ಬಂತು. ಆದರೂ ಅವರು ಗುರುವನ್ನು ಬಿಟ್ಟುಕೊಡಲಿಲ್ಲ, ಗುರುವಿನ ದಾರಿಯಲ್ಲಿ ಸಾಕಷ್ಟು ನಡೆದ ಮೇಲೆಯೇ ತಮ್ಮ ದಾರಿಯನ್ನು ಹೇಳಿದರು. ಒಬ್ಬನೇ ಗುರುವಿನಿಂದ ಒಂದು ಎಳೆ ರಾನಡೆಯವರ ನಿಂಬಾಳಕ್ಕೂ ಇನ್ನೊಂದು ಖೇತವಾಡಿಯಿರುವ ಗಿರಗಾಂವಿನ ಓಣಿಗೂ ಬಂದದ್ದು ಹೀಗೆ.

ಈಗ ಮಾಲೆಯ ಮಾತು. ವಾರಕರಿಯ ತುಳಸಿ ಮಾಲೆ ಒಂದು ವ್ರತ. ಅದನ್ನು ಹಾಕಿಸಿಕೊಂಡರೆ ಏಕಾದಶಿಯ ಉಪವಾಸವೂ ವಾರಿಯೂ (ಪಂಢರಪುರದ ಯಾತ್ರೆ) ಜೀವಮಾನವಿಡೀ ತಪ್ಪುವಂತಿಲ್ಲ. ನಿಮ್ಮ ಅಂಗೈಯ ಲಿಂಗವೂ ಅಂಥದೇ ಒಂದು ಮಾತು, ನೀವು ಆಗಲೇ ಕೊಟ್ಟಿರುವ ಮಾತು. ಎರಡನೆಯದನ್ನು ಕೊಡುವ ಅವಸರ ಬೇಡ. ಮಾಲೆಯಿಲ್ಲದೆ ನಡೆಯುವವರು ದಿಂಡಿಯಲ್ಲಿ ಎಷ್ಟೋ ಜನ ಇರುತ್ತಾರೆ, ಅವರನ್ನೂ ಮಾವುಲಿ, ಅಂದರೆ ತಾಯಿ, ಎಂದೇ ಕರೆದು ಕಾಲಿಗೆರಗುವುದು ಅಲ್ಲಿನ ರೂಢಿ. ದಿವೆ ಘಾಟ್ ಹತ್ತಿ ಸಾಸವಡ ಸೇರಿದ ರಾತ್ರಿ, ಕಾಲು ಸೋತು ಮಲಗುವ ಮುನ್ನ, ಬಿಟ್ಟರೆ ನಿದ್ದೆ ಬಾರದು ಎನ್ನಿಸುವುದು ಲಿಂಗಪೂಜೆಯೋ ವಾರಕರಿಗಳ ಹರಿಪಾಠವೋ ನೋಡಿಕೊಳ್ಳಿ. ಎರಡೂ ಹಾಗೆಯೇ ಅನ್ನಿಸಿದರೆ ಇನ್ನೂ ಒಂದೆರಡು ವರ್ಷ ಹಾಗೆಯೇ ನಡೆಯಿರಿ. ಸಾಧ್ಯವಾದರೆ ಪಾಲಖಿ ಪುಣೆಯಲ್ಲಿ ತಂಗುವ ದಿನ ಕಾಕಾನನ್ನೂ ಕರೆಸಿಕೊಳ್ಳಿ. ಅವರು ಒಪ್ಪಲಿಕ್ಕಿಲ್ಲ, ಆದರೆ ತಾವು ಬೈಯುತ್ತಿರುವುದು ಏನನ್ನು ಎಂಬುದನ್ನಾದರೂ ನೋಡಿದಂತಾಗುತ್ತದೆ.

ಪ್ರಶ್ನೆ: ಇಪ್ಪತ್ತು ವರ್ಷದ ಮಗ ದೇವರೇ ಇಲ್ಲವೆನ್ನುತ್ತಾನೆ. ಚೌತಿಯ ಪೂಜೆಗೂ ಕೂರುವುದಿಲ್ಲ. ವಾಸ್ಕೋ ಸಪ್ತಾಹದ ಜಾತ್ರೆಗೆ ಮಾತ್ರ ಗೆಳೆಯರ ಜೊತೆ ತಪ್ಪದೆ ಹೋಗುತ್ತಾನೆ. ಅವನ ಬುದ್ಧಿ ತಿರುಗಿದರೆ ಅವನನ್ನು ಕರೆತಂದು ತುಲಾಭಾರ ಮಾಡಿಸುವೆನೆಂದು ಊರಿನ ದೇವರಿಗೆ ಹರಕೆ ಹೊರಬೇಕೆಂದಿದ್ದೇನೆ. ಬೇರೆ ಯಾವುದಾದರೂ ವ್ರತವಿದ್ದರೆ ತಿಳಿಸಿ. (ವಾಸ್ಕೋ, ಗೋವಾ)

ಉತ್ತರ: ಅಂಥ ವ್ರತ ನನಗೆ ತಿಳಿದಿಲ್ಲ, ತಿಳಿದಿದ್ದರೂ ಹೇಳುತ್ತಿರಲಿಲ್ಲ. ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ನಿಮ್ಮ ಮಗನಿಗೂ ಕೊಟ್ಟಿದೆ; ಆದರೆ ಅಮ್ಮನ ಎದುರು ಸಂವಿಧಾನ ಓದುವ ಮಕ್ಕಳು ಕಡಿಮೆ, ಆದ್ದರಿಂದ ಅವನ ಪರವಾಗಿ ನಾನು ಓದುತ್ತಿದ್ದೇನೆ. ಪ್ಲೇಗಿನ ಕಾಲದಲ್ಲಿ ದಾಮೋದರ ದೇವರಿಗೆ ಮೊರೆಯಿಟ್ಟವರಿಂದ ಆರಂಭವಾದ ಆ ಸಪ್ತಾಹದಲ್ಲಿ ಭಜನೆ ಹಗಲೂ ರಾತ್ರಿಯೂ ನಿಲ್ಲದೆ ನಡೆಯುತ್ತದೆ. ಅಲ್ಲಿಗೆ ಹೋಗಿ ಅವನು ಭಜನೆ ಕೇಳುತ್ತಾನೋ ಮಿಠಾಯಿ ತಿನ್ನುತ್ತಾನೋ ಎಂದು ವಿಚಾರಿಸಲು ಹೋಗಬೇಡಿ. ಚೌತಿಯ ದಿನ ಪೂಜೆಗೆ ಕೂರೆಂದು ಒತ್ತಾಯಿಸದೆ, ಗಣಪತಿಯ ಮೇಲೆ ತೂಗುವ ಮಾಟೋಳಿಯ ಚೌಕಟ್ಟಿಗೆ ಕಾಯಿ, ಹಣ್ಣು ಕಟ್ಟುವ ಕೆಲಸವನ್ನು ಅವನಿಗೆ ಬಿಡಿ. ಹರಕೆ ಹೊರಲೇಬೇಕೆನ್ನಿಸಿದರೆ ನಿಮ್ಮ ಹೆಸರಿನಲ್ಲಿ ಹೊರಿ. ತುಲಾಭಾರದ ತಕ್ಕಡಿಯಲ್ಲಿ ನೀವೇ ಕುಳಿತುಕೊಳ್ಳಿ.